ನಯಾಗರದ ದೋಣಿಯಾನ ಮತ್ತು ಪಿಂಚಣಿಯಿಲ್ಲದ ಒಬ್ಬ ಶಿಕ್ಷಕಿ

ನಯಾಗರ ಜಲಪಾತದ ಬುಡಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ‘ಮೇಡ್ ಆಫ್ ದಿ ಮಿಸ್ಟ್’ ದೋಣಿಯಾನ ಹೇಗಿದೆ, ಕೊಟ್ಟ ಹಣಕ್ಕೆ ಅದು ತಕ್ಕದ್ದೇ ಎಂದು ಕೇಳಿದವರಿಗೆ ಉತ್ತರವಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆದರೆ 1901ರ ಅಕ್ಟೋಬರ್ 24ರಂದು, ತಮ್ಮ 63ನೆಯ ಹುಟ್ಟುಹಬ್ಬದ ದಿನ, ಇದೇ ನೀರಿಗೆ ಪೀಪಾಯಿಯೊಳಗೆ ಕುಳಿತು ಇಳಿದ ಆನಿ ಎಡ್ಸನ್ ಟೇಲರ್ ಎಂಬ ಶಿಕ್ಷಕಿ ಈ ಬರಹದ ಅರ್ಧ ಜಾಗವನ್ನು ತೆಗೆದುಕೊಂಡರೆ ಓದುಗರು ಸಹಿಸಿಕೊಳ್ಳಬೇಕು. ನಾನೂ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದವಳು, ಮಗ ಸೊಸೆಯ ಜೊತೆ ಅಲ್ಲಿಗೆ ಹೋದಾಗ ನನಗೂ ಅಷ್ಟೇ ವಯಸ್ಸು. ತಿಂಗಳು ಹುಟ್ಟಿದರೆ ನನ್ನ ಖಾತೆಗೆ ಪಿಂಚಣಿ ಬಂದು ಬೀಳುತ್ತದೆ. ಆನಿಗೆ ಅಂಥದ್ದೇನೂ ಇರಲಿಲ್ಲ, ಆಕೆಯನ್ನು ಪೀಪಾಯಿಯೊಳಗೆ ಕೂರಿಸಿದ್ದು ಮುಖ್ಯವಾಗಿ ಆ ಇಲ್ಲದಿರುವಿಕೆಯೇ ಎಂಬುದು ಆ ದಿನವೆಲ್ಲ ನನ್ನ ತಲೆಯಿಂದ ಹೋಗಲಿಲ್ಲ.

ಮೊದಲು ವ್ಯವಸ್ಥೆಯ ಮಾತು. ಅಮೆರಿಕದ ದಡದಲ್ಲಿರುವ ನಯಾಗರ ಫಾಲ್ಸ್ ಸ್ಟೇಟ್ ಪಾರ್ಕ್ 1885ರಿಂದ ಸಾರ್ವಜನಿಕರಿಗೆ ಮುಕ್ತವಾಗಿರುವ ಉದ್ಯಾನ. ಒಳಗೆ ಹೋಗಲು ಟಿಕೆಟ್ ಇಲ್ಲ, ವಾಹನ ನಿಲ್ಲಿಸಲು ಮಾತ್ರ ಶುಲ್ಕವಿದೆ. ದೋಣಿಗೆ ವಯಸ್ಕರೊಬ್ಬರಿಗೆ 30 ಡಾಲರಿನ ಆಸುಪಾಸು ಆಗುತ್ತದೆ, ಆ ಟಿಕೆಟ್ಟಿನಲ್ಲೇ ಪ್ರಾಸ್ಪೆಕ್ಟ್ ಪಾಯಿಂಟಿನ ವೀಕ್ಷಣಾ ಗೋಪುರವೂ ಸೇರಿದೆ. ಗೋಪುರದ ಲಿಫ್ಟಿನಲ್ಲಿ ಕಣಿವೆಯ ತಳಕ್ಕೆ ಇಳಿದರೆ ಸರತಿ ಸಾಲಿನ ಕೊನೆಗೆ ನೀಲಿ ಬಣ್ಣದ ತೆಳು ಪ್ಲಾಸ್ಟಿಕ್ ಮಳೆಯಂಗಿಯನ್ನು ಕೊಡುತ್ತಾರೆ. ಎದುರು ದಡದ ಕೆನಡಾದಿಂದ ಬೇರೊಂದು ಸಂಸ್ಥೆಯ ದೋಣಿಗಳು ಹೊರಡುತ್ತವೆ, ಅವುಗಳಲ್ಲಿ ಕುಳಿತವರಿಗೆ ಕೆಂಪು ಅಂಗಿ. ಮೇಲಿನಿಂದ ನೋಡಿದರೆ ನೀಲಿ ಗುಂಪೊಂದು, ಕೆಂಪು ಗುಂಪೊಂದು ಒಂದೇ ಹೊಗೆಯೊಳಗೆ ಹೊಕ್ಕು ಹೊರಬರುವುದು ಕಾಣಿಸುತ್ತದೆ. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ ಎಂಬುದನ್ನು ಪ್ರವಾಸದ ದಿನ ಗೊತ್ತುಮಾಡುವ ಮೊದಲೇ ಗಮನಿಸಬೇಕು.

ದೋಣಿಗಳು 2020ರಿಂದ ಪೂರ್ತಿ ವಿದ್ಯುತ್ತಿನಿಂದ ನಡೆಯುತ್ತಿವೆ. ಎರಡರಲ್ಲಿ ಒಂದಕ್ಕೆ ನಿಕೋಲಾ ಟೆಸ್ಲಾ ಅವರ ಹೆಸರನ್ನು ಇಟ್ಟಿದ್ದಾರೆ. ಒಂದು ಸುತ್ತು ಮುಗಿಸಿ ಬಂದ ದೋಣಿ ಜನ ಇಳಿದು ಹತ್ತುವಷ್ಟು ಹೊತ್ತಿನಲ್ಲಿ ಬ್ಯಾಟರಿಗೆ ವಿದ್ಯುತ್ ತುಂಬಿಸಿಕೊಂಡು ಮತ್ತೆ ಹೊರಡುತ್ತದೆ. ಇದನ್ನು ತಾಂತ್ರಿಕ ವಿವರವೆಂದು ಬಿಟ್ಟುಬಿಡಬಾರದು, ಏಕೆಂದರೆ ಈ ಯಾನದ ದೊಡ್ಡ ಗುಣವೇ ಅದರಿಂದ ಬಂದದ್ದು. ಎಂಜಿನ್ನಿನ ಗುಡುಗು ಇಲ್ಲ, ಡೀಸೆಲ್ ವಾಸನೆ ಇಲ್ಲ. ಹಾಗಾಗಿ ಮೊದಲು ಅಮೆರಿಕನ್ ಜಲಪಾತದ ಬಂಡೆಗಳ ಮೇಲೆ ನೀರು ಒಡೆಯುವ ಸದ್ದು, ಆಮೇಲೆ ಬ್ರೈಡಲ್ ವೇಲ್ ಎಂಬ ಕಿರಿದಾದ ಧಾರೆಯ ಸದ್ದು, ಕೊನೆಗೆ ಕುದುರೆ ಲಾಳದಾಕಾರದ ಹಾರ್ಸ್‌ಶೂ ಜಲಪಾತದ ಮೊರೆತ ಒಂದೊಂದಾಗಿ, ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಲಾಳದ ಒಳಗೆ ಹೊಕ್ಕ ಮೇಲೆ ದೋಣಿ ಮುಂದೆ ಹೋಗುವುದೇ ಇಲ್ಲ. ಪ್ರವಾಹಕ್ಕೆ ಎದುರಾಗಿ ಇದ್ದಲ್ಲೇ ತೊನೆಯುತ್ತ ನಿಲ್ಲುತ್ತದೆ. ಮೂರು ಕಡೆಯೂ ನೀರಿನ ಗೋಡೆ, ನಾಲ್ಕನೆಯ ಕಡೆ ಬಿಳಿ ಹನಿಗಳ ಮೋಡ. ಕನ್ನಡಕ ಒರೆಸಿಕೊಳ್ಳಲು ಒಣಗಿದ ಬಟ್ಟೆ ಮೈಮೇಲೆ ಎಲ್ಲೂ ಉಳಿದಿರಲಿಲ್ಲವಾದ್ದರಿಂದ ಅದನ್ನು ತೆಗೆದು ಸೊಸೆಯ ಕೈಗೆ ಕೊಟ್ಟು, ಬರಿಗಣ್ಣಿನ ಮಂಜಿನಲ್ಲೇ ನೋಡಿದೆ. “ಅತ್ತೆ, ಕಂಬಿ ಬಿಡಬೇಡಿ” ಎಂದು ಆಕೆ ಕೂಗಿದ್ದು ಒಂದು ಮೊಳದ ಅಂತರದಲ್ಲಿದ್ದ ನನಗೂ ಅರ್ಧವೇ ಕೇಳಿಸಿತು.

ಇಡೀ ಯಾನ ಸುಮಾರು 20 ನಿಮಿಷದ್ದು. ಇದು ಕಡಿಮೆಯಾಯಿತು ಎನ್ನುವವರನ್ನು ಕಂಡಿದ್ದೇನೆ, ನನಗೆ ಹಾಗೆನಿಸಲಿಲ್ಲ. ಕೆಳ ಅಂತಸ್ತಿನಲ್ಲಿ ಬದಿಯ ಕಂಬಿಗೆ ಅಂಟಿಕೊಂಡು ನಿಂತರೆ ನೆನೆಯುವುದು ಹೆಚ್ಚು, ಮೇಲಿನ ಅಂತಸ್ತಿನಲ್ಲಿ ನೋಟ ಹೆಚ್ಚು. ಮೊಣಕಾಲಿನ ತೊಂದರೆ ಇದ್ದವರು ಕೆಳಗೇ ನಿಲ್ಲುವುದು ಲೇಸು. ಕೊಟ್ಟ ಅಂಗಿ ಮೊಣಕಾಲಿನವರೆಗೆ ಮಾತ್ರ ಕಾಪಾಡುತ್ತದೆ, ಆದ್ದರಿಂದ ಬೂಟು ಹಾಕಿಕೊಂಡು ಹೋಗಿ ಆಮೇಲೆ ಇಡೀ ದಿನ ಪಚಪಚ ಎನ್ನುವ ಕಾಲುಚೀಲದಲ್ಲಿ ಓಡಾಡುವ ಬದಲು ಚಪ್ಪಲಿಯಲ್ಲಿ ಹೋಗುವುದೇ ಮೇಲು.

ಈ ದೋಣಿಯ ಇತಿಹಾಸದಲ್ಲೂ ಹಣದ ಮುಗ್ಗಟ್ಟಿನಿಂದ ಹುಟ್ಟಿದ ಒಂದು ಸಾಹಸವಿದೆ. 1846ರಲ್ಲಿ ಇದು ಶುರುವಾದದ್ದು ನದಿ ದಾಟಿಸುವ ಕಡವಾಗಿ. ಎರಡೇ ವರ್ಷದಲ್ಲಿ ತೂಗುಸೇತುವೆ ಬಂದು ದಾಟುವವರು ಕಡಿಮೆಯಾದಾಗ ಜಲಪಾತ ತೋರಿಸುವ ಕೆಲಸಕ್ಕೆ ಹೊರಳಿತು. 1861ರಲ್ಲಿ ದೋಣಿಯನ್ನು ಮಾರಬೇಕಾಗಿ ಬಂದು, ಕೊಂಡವರಿಗೆ ಅದನ್ನು ಒಂಟಾರಿಯೊ ಸರೋವರದ ಕಡೆಗೆ ತಲುಪಿಸಬೇಕಾಯಿತು. ನಡುವೆ ಇದ್ದದ್ದು ಯಾವ ದೋಣಿಯೂ ದಾಟದಿದ್ದ ಕಣಿವೆಯ ಭೋರ್ಗರೆತದ ಇಳಿಜಾರು ಮತ್ತು ಒಂದು ಮಹಾ ಸುಳಿ. ಜೋಯಲ್ ರಾಬಿನ್ಸನ್ ಎಂಬ ಕಪ್ತಾನ ಇಬ್ಬರನ್ನು ಜೊತೆಗಿಟ್ಟುಕೊಂಡು ಅದರಲ್ಲೇ ದೋಣಿಯನ್ನು ನಡೆಸಿಕೊಂಡು ಹೋದ. ಹೊಗೆಕೊಳವೆ ಮುರಿದು ಬಿತ್ತು, ದೋಣಿ ತಲುಪಿತು, ಲೇವಾದೇವಿ ಮುಗಿಯಿತು. ಆಮೇಲೆ 1885ರವರೆಗೆ ಇಲ್ಲಿ ಇಂಥ ದೋಣಿಯೇ ಇರಲಿಲ್ಲ.

ಆನಿಯ ಲೆಕ್ಕ ಇಷ್ಟು ಸುಸೂತ್ರವಾಗಿ ಚುಕ್ತಾ ಆಗಲಿಲ್ಲ. ಆಕೆ 1838ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಹುಟ್ಟಿದವರು. ಇದ್ದ ಒಂದು ಮಗು ಎಳವೆಯಲ್ಲೇ ತೀರಿಕೊಂಡಿತು, ಗಂಡನೂ ಬೇಗ ಹೋದ. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕ ಶಿಕ್ಷಕಿಯ ಕೆಲಸ ಹುಡುಕಿಕೊಂಡು ಊರಿಂದೂರಿಗೆ ಅಲೆದರು. ಮಿಷಿಗನ್ನಿನ ಬೇ ಸಿಟಿಯಲ್ಲಿ ನೃತ್ಯ ಶಾಲೆ ತೆರೆದರು, ಸೂ ಸೇಂಟ್ ಮೇರಿಯಲ್ಲಿ ಸಂಗೀತ ಹೇಳಿಕೊಟ್ಟರು, ಟೆಕ್ಸಾಸಿಗೂ ಮೆಕ್ಸಿಕೊ ನಗರಕ್ಕೂ ಹೋಗಿ ಬಂದರು. ಮರ್ಯಾದಸ್ಥರ ಮನೆತನದಲ್ಲಿ ಬೆಳೆದು ಚೆನ್ನಾದ ಬಟ್ಟೆ ತೊಟ್ಟು ಅಭ್ಯಾಸವಾದವರಿಗೆ ಕೊನೆಗಾಲದಲ್ಲಿ ನಿರ್ಗತಿಕರ ಮನೆ ಸೇರಬೇಕಾದೀತು ಎಂಬ ಭಯ ಎಂಥದ್ದೆಂದು ಯಾರಾದರೂ ಊಹಿಸಬಹುದು. 1901ರ ಬೇಸಿಗೆಯಲ್ಲಿ ನಯಾಗರದ ಪಕ್ಕದ ಬಫಲೊ ನಗರದಲ್ಲಿ ಪ್ಯಾನ್-ಅಮೆರಿಕನ್ ಪ್ರದರ್ಶನ ನಡೆಯುತ್ತಿದೆ, ಲಕ್ಷಾಂತರ ಜನ ಬರುತ್ತಿದ್ದಾರೆ ಎಂದು ಓದಿದಾಗ ಆಕೆಗೆ ಪೀಪಾಯಿಯ ಯೋಚನೆ ಹೊಳೆಯಿತು.

ನಾನು ಒಂದು ಸರಕನ್ನು ವಿಮರ್ಶೆ ಮಾಡಬೇಕೆಂದಿದ್ದರೆ ಆ ಪೀಪಾಯಿಯನ್ನೇ ಆರಿಸಿಕೊಳ್ಳುತ್ತಿದ್ದೆ. ಅದನ್ನು ಆಕೆಯೇ ಯೋಚಿಸಿ, ಹೇಳಿ ಮಾಡಿಸಿದ್ದು. ಓಕ್ ಮರದ ಹಲಗೆ, ಸುತ್ತಲೂ ಕಬ್ಬಿಣದ ಪಟ್ಟಿ, ಎತ್ತರ ಸುಮಾರು 4.5 ಅಡಿ. ಒಳಗೆ ಹಾಸಿಗೆಯ ಮೆತ್ತೆ, ದೇಹವನ್ನು ಬಿಗಿದಿಡಲು ತೊಗಲಿನ ಪಟ್ಟಿ. ಪೀಪಾಯಿ ತಲೆಕೆಳಗಾಗದಂತೆ ತಳದಲ್ಲಿ ಕಮ್ಮಾರರು ಕಬ್ಬಿಣ ಬಡಿಯಲು ಬಳಸುವ ಭಾರದ ಅಡಿಗಲ್ಲು. ಮುಚ್ಚಳ ಬಿಗಿದ ಮೇಲೆ ಒಂದು ತೂತಿನ ಮೂಲಕ ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ, ಬಿರಡೆಯಿಂದ ತೂತನ್ನು ಮುಚ್ಚುವ ಏರ್ಪಾಡು. ಇವುಗಳಲ್ಲಿ ಒಂದೂ ಅಲಂಕಾರಕ್ಕೆ ಇಟ್ಟದ್ದಲ್ಲ. ಆನಿಗಿಂತ ಕೆಲವೇ ವಾರ ಮೊದಲು ಇದೇ ನದಿಯ ಸುಳಿಯಲ್ಲಿ ಪೀಪಾಯಿಯೊಳಗೆ ಸಿಕ್ಕಿಕೊಂಡ ಮಾಡ್ ವಿಲ್ಲರ್ಡ್ ಎಂಬ ನಟಿ ಉಸಿರುಗಟ್ಟಿ ಸತ್ತಿದ್ದಳು. ಅಡಿಗಲ್ಲಿನ ಮಹತ್ವ ತಿಳಿದದ್ದು ಆಮೇಲೆ. 1920ರಲ್ಲಿ ಬ್ರಿಸ್ಟಲಿನ ಕ್ಷೌರಿಕ ಚಾರ್ಲ್ಸ್ ಸ್ಟೀಫನ್ಸ್ ಅಂಥದ್ದೇ ಅಡಿಗಲ್ಲನ್ನು ಪೀಪಾಯಿಯ ತಳಕ್ಕೆ ಬಿಗಿಯದೆ ತನ್ನ ಕಾಲಿಗೆ ಕಟ್ಟಿಕೊಂಡು ಇಳಿದ. ಅವನ ದೇಹದಲ್ಲಿ ಒಂದು ತೋಳು ಮಾತ್ರ ಸಿಕ್ಕಿತು. ಆನಿ ಮೊದಲಿಗೆ ಪೀಪಾಯಿಯಲ್ಲಿ ಒಂದು ಬೆಕ್ಕನ್ನು ಜಲಪಾತದಿಂದ ಇಳಿಸಿ ಪರೀಕ್ಷಿಸಿದರು ಎಂಬ ಕಥೆಯನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ, ಬೆಕ್ಕಿನ ಅಭಿಪ್ರಾಯವನ್ನು ಯಾರೂ ಬರೆದಿಟ್ಟಿಲ್ಲ.

ಆ ಗುರುವಾರ ಮಧ್ಯಾಹ್ನ, ಅಮೆರಿಕನ್ ಮತ್ತು ಹಾರ್ಸ್‌ಶೂ ಜಲಪಾತಗಳ ನಡುವಿನ ಗೋಟ್ ದ್ವೀಪಕ್ಕಿಂತ ಮೇಲಣ ಹರಿವಿನಲ್ಲಿ, ಅಮೆರಿಕದ ದಡಕ್ಕೆ ಹತ್ತಿರವಾಗಿ, ಆಕೆ ಹೃದಯದಾಕಾರದ ಅದೃಷ್ಟದ ದಿಂಬೊಂದನ್ನು ಹಿಡಿದು ಪೀಪಾಯಿಯೊಳಗೆ ಹೊಕ್ಕರು. ಆತ್ಮಹತ್ಯೆಗೆ ನೆರವಾದ ಆಪಾದನೆ ತಲೆಗೆ ಬಂದೀತೆಂದು ಸಹಾಯಕ್ಕೆ ಬರಲು ಜನ ಹಿಂಜರಿದದ್ದರಿಂದ ಅದಕ್ಕೂ ಮೊದಲು ಹಲವು ಬಾರಿ ತಡವಾಗಿತ್ತು. ಹಗ್ಗ ಬಿಚ್ಚಿದ ಮೇಲೆ ಪ್ರವಾಹ ಪೀಪಾಯಿಯನ್ನು ಕೆನಡಾದ ಕಡೆಗೆ ಎಳೆದುಕೊಂಡು ಹೋಗಿ ಹಾರ್ಸ್‌ಶೂ ಜಲಪಾತದ ಅಂಚಿನಿಂದ, 50 ಮೀಟರಿಗೂ ಹೆಚ್ಚಿನ ಎತ್ತರದಿಂದ, ಕೆಳಗೆ ಕೆಡವಿತು. ಮೇಲಿನಿಂದ ಹೊರಟು ಬುಡ ಸೇರುವಷ್ಟರಲ್ಲಿ ಕಳೆದದ್ದು 20 ನಿಮಿಷಕ್ಕೂ ಕಡಿಮೆ, ಅಂದರೆ ಇಂದಿನ ದೋಣಿ ಟಿಕೆಟ್ಟಿಗೆ ಸಿಗುವಷ್ಟೇ ಹೊತ್ತು. ದಡಕ್ಕೆ ಎಳೆದು ಮುಚ್ಚಳವನ್ನು ಗರಗಸದಿಂದ ಕೊಯ್ದು ತೆಗೆದಾಗ ತಲೆಯ ಮೇಲೆ ಒಂದು ಸಣ್ಣ ಗಾಯದ ಹೊರತು ಆಕೆ ಸರಿಯಾಗಿದ್ದರು. ಕೊನೆಯುಸಿರಿನಲ್ಲಾದರೂ ಸರಿ, ಇದನ್ನು ಯಾರೂ ಮಾಡಬೇಡಿ ಎಂದು ಎಚ್ಚರಿಸುತ್ತೇನೆ, ಮತ್ತೊಮ್ಮೆ ಇಳಿಯುವುದಕ್ಕಿಂತ ಫಿರಂಗಿಯ ಬಾಯಿಗೆ ನಡೆದು ಹೋಗುವುದು ಲೇಸು ಎಂಬರ್ಥದ ಮಾತನ್ನು ಆಕೆ ಪತ್ರಿಕೆಯವರಿಗೆ ಹೇಳಿದರು. ಅಂಥ ಸ್ಥಿತಿಯಲ್ಲೂ ತಮ್ಮ ವಯಸ್ಸು ನಲವತ್ತರ ಆಸುಪಾಸು ಎಂದು ಹೇಳುವುದನ್ನು ಮರೆಯಲಿಲ್ಲ.

ಜಲಪಾತದಿಂದ ಬಿದ್ದು ಬದುಕುವ ಕಠಿಣ ಕೆಲಸದಲ್ಲಿ ಗೆದ್ದವರು ಅದನ್ನು ಹಣವಾಗಿಸುವ ಸುಲಭವೆಂದು ತೋರುವ ಕೆಲಸದಲ್ಲಿ ಏಕೆ ಸೋತರು ಎಂದು ದೋಣಿಯ ಕಂಬಿ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಕಾಲದ ವಿಷಯದಲ್ಲಿ ಆಕೆ ತಡಮಾಡಿದ್ದರು. ಬಫಲೊ ಪ್ರದರ್ಶನ ನವೆಂಬರ್ 2ಕ್ಕೆ ಮುಗಿಯುವುದರಲ್ಲಿತ್ತು. ಸೆಪ್ಟೆಂಬರ್ 6ರಂದು ಅಧ್ಯಕ್ಷ ಮೆಕಿನ್ಲಿಯವರಿಗೆ ಗುಂಡು ತಗುಲಿದ್ದೂ ಅದೇ ಪ್ರದರ್ಶನದಲ್ಲಿ, ಎಂಟು ದಿನದ ಮೇಲೆ ಅವರು ತೀರಿಕೊಂಡರು, ಹಬ್ಬದ ಕಳೆ ಆಗಲೇ ಇಳಿದಿತ್ತು. ಇನ್ನೊಂದು ಕಾರಣ ಅದಕ್ಕಿಂತ ಆಳವಾದದ್ದು. 1859ರಲ್ಲಿ ಬ್ಲಾಂಡಿನ್ ಎಂಬ ಸಾಹಸಿ ಕಣಿವೆಯ ಮೇಲೆ ಹಗ್ಗದ ಮೇಲೆ ನಡೆದಾಗ ದಡದ ಜಮೀನು ಖಾಸಗಿಯವರದಾಗಿತ್ತು, ಬೇಲಿ ಹಾಕಿ ನಿಂತು ನೋಡುವ ಜಾಗಕ್ಕೆ ಹಣ ಕೇಳಬಹುದಾಗಿತ್ತು. 1885ರ ಮೇಲೆ ದಡ ಎಲ್ಲರದಾಯಿತು. ನಾನು ಟಿಕೆಟ್ಟಿಲ್ಲದೆ ನಡೆದು ಬಂದ ಆ ಉದ್ಯಾನದಿಂದಲೇ ಸಾವಿರಾರು ಜನ ಆನಿಯನ್ನೂ ಟಿಕೆಟ್ಟಿಲ್ಲದೆ ನೋಡಿದರು. ಅದೂ ನೋಡಿದ್ದೇನು? ಬ್ಲಾಂಡಿನ್ ಹಗ್ಗದುದ್ದಕ್ಕೂ ಕಣ್ಣಿಗೆ ಕಾಣುತ್ತ ನಡೆದ, ನಡುವೆ ಕುಳಿತ, ತನ್ನ ವ್ಯವಸ್ಥಾಪಕನನ್ನೇ ಬೆನ್ನ ಮೇಲೆ ಹೊತ್ತು ದಾಟಿದ. ಆನಿಯ ಸಾಹಸದಲ್ಲಿ ಆನಿಯೇ ಕಾಣುವುದಿಲ್ಲ, ಕಾಣುವುದು ಪೀಪಾಯಿ.

ಆಕೆಯ ವ್ಯವಸ್ಥಾಪಕ ಫ್ರ್ಯಾಂಕ್ ರಸೆಲ್‌ಗೆ ಈ ಸೂಕ್ಷ್ಮ ಚೆನ್ನಾಗಿ ಅರ್ಥವಾಗಿತ್ತೆಂದು ತೋರುತ್ತದೆ, ಏಕೆಂದರೆ ಅವನು ಪೀಪಾಯಿಯನ್ನು ಎತ್ತಿಕೊಂಡು ಪರಾರಿಯಾದ. ಅದನ್ನು ಹುಡುಕಿಸಲು ಆನಿ ಇದ್ದಬದ್ದ ಉಳಿತಾಯವನ್ನೆಲ್ಲ ಖಾಸಗಿ ಪತ್ತೇದಾರರಿಗೆ ಸುರಿದರು. ಶಿಕಾಗೊದಲ್ಲಿ ಪತ್ತೆಯಾದ ಪೀಪಾಯಿ ಮತ್ತೆ ಕಾಣೆಯಾಗಿ ಇಂದಿಗೂ ಸಿಕ್ಕಿಲ್ಲ. ಭಾಷಣಗಳಿಂದ ಬಂದದ್ದು ಅಲ್ಪ. ಗೌರವಸ್ಥ ಶಿಕ್ಷಕಿಯ ಗಂಭೀರ ಭಾಷಣ ಕೇಳಲು ಜನ ಹಣ ಕೊಟ್ಟು ಬರಲಿಲ್ಲ. ಮುಂದಿನ ಇಪ್ಪತ್ತು ವರ್ಷ ಆಕೆ ನಯಾಗರದ ಬೀದಿಬದಿಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡು ನೆನಪಿನ ಕಾಣಿಕೆಗಳನ್ನು ಮಾರುತ್ತ, ಪ್ರವಾಸಿಗರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತ, ಭವಿಷ್ಯ ಹೇಳುತ್ತ ಕಾಲ ಕಳೆದರು. ಕಣ್ಣು ಮಂದವಾಯಿತು. 1921ರ ಏಪ್ರಿಲ್ 29ರಂದು, 82ನೆಯ ವಯಸ್ಸಿನಲ್ಲಿ, ಲಾಕ್‌ಪೋರ್ಟಿನಲ್ಲಿದ್ದ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಬಡವರನ್ನು ಇರಿಸಿಕೊಳ್ಳುತ್ತಿದ್ದ ಮನೆ, ಯಾವುದನ್ನು ತಪ್ಪಿಸಿಕೊಳ್ಳಲು ಪೀಪಾಯಿ ಹೊಕ್ಕಿದ್ದರೋ ಅಂಥದ್ದೇ.

ಆನಿ ಇಳಿದ ನೀರಿಗೂ ನಾವು ದೋಣಿಯಲ್ಲಿ ಕಾಣುವ ನೀರಿಗೂ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 1950ರ ಒಪ್ಪಂದದಂತೆ ಎರಡೂ ದೇಶಗಳು ನದಿಯ ದೊಡ್ಡ ಪಾಲನ್ನು ಜಲವಿದ್ಯುತ್ತಿಗೆ ತಿರುಗಿಸುತ್ತವೆ. ಪ್ರವಾಸಿ ಋತುವಿನ ಹಗಲಿನಲ್ಲಿ ಜಲಪಾತದ ಮೇಲೆ ಸೆಕೆಂಡಿಗೆ ಕನಿಷ್ಠ 1,00,000 ಘನ ಅಡಿ ನೀರು ಹರಿಯಬೇಕು, ರಾತ್ರಿಯಲ್ಲೂ ಚಳಿಗಾಲದಲ್ಲೂ ಅದರ ಅರ್ಧ ಸಾಕು. ಅಂದರೆ ಪ್ರಕೃತಿಯ ಈ ರುದ್ರರೂಪಕ್ಕೂ ಕಚೇರಿಯಂತೆ ಸಮಯಪಟ್ಟಿ ಇದೆ. ಇದರಿಂದ ಅನುಭವಕ್ಕೆ ಕುಂದೇನೂ ಬರುವುದಿಲ್ಲ, ಆದರೆ ಎದುರಿಗೆ ನಿಂತಾಗ ತಿಳಿದಿದ್ದರೆ ಒಳ್ಳೆಯದು.

ದೋಣಿಯಿಂದ ಇಳಿದ ಮೇಲೆ ಬಹಳ ಜನ ನೇರವಾಗಿ ಲಿಫ್ಟಿನ ಕಡೆಗೆ ನಡೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಅದೇ ಟಿಕೆಟ್ಟಿನಲ್ಲಿ ಕ್ರೋಸ್ ನೆಸ್ಟ್ ಎಂಬ ಕಡೆಗೆ ಮೆಟ್ಟಿಲು ಹತ್ತಿ ಹೋಗಬಹುದು. ಅಲ್ಲಿ ಅಮೆರಿಕನ್ ಜಲಪಾತದ ಪಕ್ಕಕ್ಕೇ ನಿಂತು ಒಡೆದ ಬಂಡೆಗಳ ರಾಶಿಯನ್ನು ಹತ್ತಿರದಿಂದ ನೋಡಿದಾಗ, ಆನಿ ಆ ಕಡೆ ಇಳಿಯದೆ ಹಾರ್ಸ್‌ಶೂ ಕಡೆ ಇಳಿದದ್ದೇಕೆ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ಬಂಡೆಯ ಮೇಲೆ ಬಿದ್ದ ಪೀಪಾಯಿಗೆ ಯಾವ ಅಡಿಗಲ್ಲೂ ನೆರವಾಗುತ್ತಿರಲಿಲ್ಲ. ಮೆಟ್ಟಿಲು ಒದ್ದೆಯಾಗಿರುತ್ತದೆ, ನಾನು ಅರ್ಧದಲ್ಲಿ ಎರಡು ಬಾರಿ ನಿಂತೆ.

ಮೇಲೆ ಬಂದ ಮೇಲೆ ಊರಿನೊಳಗಿನ ಒಂದು ಕಾಣಿಕೆ ಅಂಗಡಿಯಲ್ಲಿ ಮಾತ್ರ ನನಗೆ ಬೇಸರವಾಯಿತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರದ ಪೀಪಾಯಿಗಳನ್ನು ಸಾಲಾಗಿ ಜೋಡಿಸಿದ್ದರು. ಮುಚ್ಚಳ ತೆಗೆದರೆ ಒಳಗಿನಿಂದ ಮೀಸೆಯ ಗಂಡಸಿನ ಗೊಂಬೆಯೊಂದು ಇಣುಕುತ್ತಿತ್ತು. ಮೊದಲು ಇಳಿದವರು ಒಬ್ಬ ಹೆಂಗಸು ಎಂದು ಅಂಗಡಿಯ ಹುಡುಗನಿಗೆ ಹೇಳಿದೆ. ಆತ ವಿನಯದಿಂದಲೇ ಕೇಳಿಸಿಕೊಂಡು, ಎರಡು ಕೊಂಡರೆ ಬೆಲೆ ಕಡಿಮೆಯಾಗುತ್ತದೆ ಎಂದ. ಎರಡನೆಯವನಾಗಿ 1911ರಲ್ಲಿ ಉಕ್ಕಿನ ಪೀಪಾಯಿಯಲ್ಲಿ ಇಳಿದ ಬಾಬಿ ಲೀಚ್ ನಿಜವಾಗಿಯೂ ಗಂಡಸೇ. ಮಂಡಿಚಿಪ್ಪುಗಳನ್ನೂ ದವಡೆಯನ್ನೂ ಮುರಿದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರೂ ಅವನು ಆಮೇಲೆ ಪೀಪಾಯಿಯ ಸಮೇತ ಊರೂರು ಸುತ್ತಿ ಪ್ರದರ್ಶನ ಕೊಟ್ಟ. 1926ರಲ್ಲಿ ನ್ಯೂಜಿಲೆಂಡಿನ ಪ್ರವಾಸದಲ್ಲಿ ಕಿತ್ತಳೆ ಸಿಪ್ಪೆಯ ಮೇಲೆ ಜಾರಿ ಬಿದ್ದು, ಕಾಲಿನ ಗಾಯ ಕೊಳೆತು ಸತ್ತ ಎಂದು ಹೇಳುತ್ತಾರೆ. ಇಂದು ಎರಡೂ ದಡಗಳಲ್ಲಿ ಅನುಮತಿಯಿಲ್ಲದೆ ಇಂಥ ಸಾಹಸ ಮಾಡುವುದು ಅಪರಾಧ. 2012ರಲ್ಲಿ ಹಗ್ಗದ ಮೇಲೆ ಜಲಪಾತ ದಾಟಿದ ನಿಕ್ ವಾಲೆಂಡಾ ವಿಶೇಷ ಅನುಮತಿ ಪಡೆದಿದ್ದರು, ಕೆನಡಾದ ಕಡೆ ಇಳಿದಾಗ ಪಾಸ್‌ಪೋರ್ಟ್ ತೋರಿಸಿದರು.

ಹಣಕ್ಕೆ ತಕ್ಕದ್ದೇ ಎಂಬ ಮೂಲ ಪ್ರಶ್ನೆಗೆ ಬಂದರೆ, ನನ್ನ ಉತ್ತರ ಹೌದು, ಎರಡನೆಯ ಬಾರಿಗೂ ಹೌದು. ಆದರೆ ನೀರಿನ ನಿಜವಾದ ಬಲ ಕಾಣುವುದು ದೋಣಿಯಲ್ಲಿ ಎಂದು ಭಾವಿಸಿ ಉಳಿದದ್ದನ್ನು ಬಿಡಬಾರದು. ಗೋಟ್ ದ್ವೀಪದ ಟೆರಾಪಿನ್ ಪಾಯಿಂಟ್ ಎಂಬ ಅಂಚಿಗೆ ಒಂದು ಕಾಸೂ ಕೊಡದೆ ನಡೆದು ಹೋಗಬಹುದು. ಅಲ್ಲಿ ನೀರು ಅಂಚಿನಲ್ಲಿ ಬಾಗುವ ಕ್ಷಣಕ್ಕೆ ಗಾಜಿನಂತೆ ನಯವಾಗಿ, ದಟ್ಟ ಹಸಿರಾಗಿ ಕಾಣುತ್ತದೆ, ನೊರೆ ಶುರುವಾಗುವುದು ಅದರ ಕೆಳಗೆ. ದೋಣಿಯಲ್ಲಿದ್ದಾಗ ನನಗೆ ಭಯವಾಗಿರಲಿಲ್ಲ, ಸುತ್ತಲೂ ನೂರಾರು ನೀಲಿ ಅಂಗಿಗಳು ನಗುತ್ತ ಕಿರುಚುತ್ತಿದ್ದವು. ಟೆರಾಪಿನ್ ಪಾಯಿಂಟಿನ ಕಂಬಿಯ ಬಳಿ ಹೊಟ್ಟೆಯೊಳಗೆ ತಣ್ಣಗಾಯಿತು. ಎರಡಕ್ಕೂ ಸಮಯವಿದ್ದವರು ಮೊದಲು ಇಲ್ಲಿಗೆ ಬಂದು ಆಮೇಲೆ ದೋಣಿ ಹತ್ತಿದರೆ, ಕೆಳಗಿನಿಂದ ತಲೆಯೆತ್ತಿದಾಗ ಕಾಣುವ ಅಂಚು ಯಾವುದೆಂದು ಗುರುತು ಸಿಗುತ್ತದೆ.

ಸಂಜೆ, ಮಗನಿಗೆ ಮನಸ್ಸಿಲ್ಲದಿದ್ದರೂ, ಊರಿನೊಳಗಿನ ಓಕ್‌ವುಡ್ ಸ್ಮಶಾನಕ್ಕೆ ಹೋದೆವು. ಉದ್ಯಾನದಿಂದ ಕಾರಿನಲ್ಲಿ ಕೆಲವೇ ನಿಮಿಷದ ದಾರಿ. ಆನಿಯ ಸಮಾಧಿ ಅಲ್ಲಿದೆ. 1886ರಲ್ಲಿ ಪೀಪಾಯಿಯಲ್ಲಿ ಕುಳಿತು ಸುಳಿಯ ಇಳಿಜಾರನ್ನು ದಾಟಿದ ಕಾರ್ಲೈಲ್ ಗ್ರಹಾಮ್ ಆಕೆಯ ಹತ್ತಿರದಲ್ಲೇ ಇದ್ದಾನೆ. ಇಂಗ್ಲಿಷ್ ಕಾಲುವೆಯನ್ನು 1875ರಲ್ಲಿ ಈಜಿ ಗೆದ್ದು, 1883ರಲ್ಲಿ ಹಣದ ಆಸೆಯಿಂದ ಇಲ್ಲಿ ಈಜಲು ಹೋಗಿ ಸತ್ತ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಕೂಡ ಇದೇ ಸ್ಮಶಾನದಲ್ಲಿದ್ದಾನೆ. ಆನಿಯ ಕಲ್ಲಿನ ಮೇಲೆ ಹೆಸರು, ಹಾರ್ಸ್‌ಶೂ ಜಲಪಾತದಿಂದ ಪೀಪಾಯಿಯಲ್ಲಿ ಇಳಿದು ಬದುಕಿದ ಮೊದಲಿಗರು ಎಂಬ ಒಕ್ಕಣೆ, ಆ ತಾರೀಖು. ಒದ್ದೆ ಚಪ್ಪಲಿಗೆ ಹುಲ್ಲು ಅಂಟಿಕೊಳ್ಳುತ್ತಿತ್ತು. ಸೊಸೆ ಮೊಬೈಲು ಹೊರಗೆ ತೆಗೆದು, “ಅತ್ತೆ, ಪಕ್ಕದಲ್ಲಿ ನಿಂತುಕೊಳ್ಳಿ, ಒಂದು ಫೋಟೊ ತೆಗೀತೀನಿ” ಎಂದಳು. ಆಕೆ ಬದುಕಿದ್ದಾಗ ಇದಕ್ಕೆ ಜನ ಕಾಸು ಕೊಡುತ್ತಿದ್ದರು ಎಂದು ಹೇಳಿ, ಕಲ್ಲಿನ ಅಕ್ಷರಗಳು ಮರೆಯಾಗದಂತೆ ಸ್ವಲ್ಪ ಈಚೆಗೆ ಸರಿದು ನಿಂತೆ.